ಬಟ್ಟೆ ಬಿಗಿಯಾದದ್ದು ಯಾರ ತಪ್ಪು?

ಶಾಲೆ ಶುರುವಾಗುವ ಹೊತ್ತಿಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪೇಟೆಯ ಅರಿವೆ ಅಂಗಡಿಗಳಲ್ಲಿ ಸೀರೆಗಿಂತ ಯುನಿಫಾರ್ಮ್ ಬಟ್ಟೆಗೇ ಗಿರಾಕಿ ಹೆಚ್ಚು. ಟೇಲರ್ ಅಂಗಡಿಗೆ ಹೋದರೆ "ಇನ್ನ ಎಂಟ್ ದಿನ ಕೇಳಬ್ಯಾಡ್ರಿ" ಎಂಬ ಉತ್ತರ. ಅದೇ ವಾರ ಶಾಲೆ ಕಾಲೇಜುಗಳ ಗೇಟಿನಲ್ಲಿ ಇನ್ನೊಂದು ಕೆಲಸವೂ ಶುರುವಾಗುತ್ತದೆ. ಅದು ತಪಾಸಣೆ.

ಹುಡುಗರಿಗೆ ಕೂದಲು ನೋಡುತ್ತಾರೆ, ಅಂಗಿ ಒಳಗೆ ಸೇರಿಸಿದ್ದಾನೋ ಇಲ್ಲವೋ ನೋಡುತ್ತಾರೆ. ಅವನು ಬೈಗುಳ ತಿಂದು, ಗೆಳೆಯರ ಕಡೆ ನೋಡಿ ನಕ್ಕು ಒಳಗೆ ಹೋಗುತ್ತಾನೆ. ಹುಡುಗಿಯ ತಪಾಸಣೆ ಹಾಗಲ್ಲ. ಕುರ್ತಾ ಗಿಡ್ಡವೇ, ಬಿಗಿಯೇ, ವೇಲಿಗೆ ಎರಡೂ ಕಡೆ ಪಿನ್ನು ಹಾಕಿದ್ದಾಳೋ ಇಲ್ಲವೋ, ತೋಳು ಎಲ್ಲಿಯ ತನಕ ಇದೆ, ಎಲ್ಲದರ ಲೆಕ್ಕ ನಡೆಯುತ್ತದೆ. ತಪ್ಪು ಸಿಕ್ಕರೆ ಬರುವ ಮಾತು ಬಟ್ಟೆಯ ಮೇಲೆ ನಿಲ್ಲುವುದಿಲ್ಲ. "ಯಾರಿಗೆ ತೋರಸಾಕ ಬಂದೀಯವಾ?" ಎಂಬ ಮಾತನ್ನು ಹದಿಮೂರು ಹದಿನಾಲ್ಕರ ಹುಡುಗಿ ನೂರು ಜನರ ಮುಂದೆ ಕೇಳಿಸಿಕೊಳ್ಳಬೇಕು. ಅವಳ ಹಿಂದೆ ನಿಂತ ಹುಡುಗರಿಗೂ ಆ ಮಾತು ಕೇಳುತ್ತದೆ. ಸಂಜೆ ಬಸ್ ನಿಲ್ದಾಣದಲ್ಲಿ ಅದೇ ಮಾತು ಅವರ ಬಾಯಲ್ಲಿ ತಿರುಗಿ ಬರುತ್ತದೆ.

ಈ ಬಟ್ಟೆ ಬಿಗಿಯಾದದ್ದು ಹೇಗೆ ಎಂದು ಗೇಟಿನಲ್ಲಿ ಯಾರೂ ಕೇಳುವುದಿಲ್ಲ.

ಸರಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಉಚಿತ ಸಮವಸ್ತ್ರ ಬರಬೇಕು. ಒಂದಲ್ಲ, ಎರಡು ಜೊತೆ. ಎರಡನೆಯ ಜೊತೆಯ ಕಥೆ ಎಲ್ಲಿಯ ತನಕ ಹೋಯಿತೆಂದರೆ, ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾ ಹುಡುಗನ ಪರವಾಗಿ ಹೈಕೋರ್ಟಿಗೆ ಅರ್ಜಿ ಬಿತ್ತು. 2019ರ ಆಗಸ್ಟ್‌ನಲ್ಲಿ ಕೋರ್ಟು, ಎರಡು ಜೊತೆ ಬಟ್ಟೆ, ಶೂ, ಸಾಕ್ಸ್ ಕೊಡಲೇಬೇಕು ಎಂದು ಸರಕಾರಕ್ಕೆ ಆದೇಶ ಮಾಡಿತು. ಆದೇಶ ಪಾಲಿಸಲಿಲ್ಲವೆಂದು 2023ರಲ್ಲಿ ಮತ್ತೆ ನ್ಯಾಯಾಂಗ ನಿಂದನೆಯ ವಿಚಾರಣೆ ನಡೆದು ಸರಕಾರ ಬೈಸಿಕೊಂಡಿತು. ಮಕ್ಕಳ ಚಡ್ಡಿ ಅಂಗಿಗೂ ಕೋರ್ಟಿನ ಕಟ್ಟೆ ಹತ್ತಬೇಕಾದ ರಾಜ್ಯ ಇದು.

ಹೈಸ್ಕೂಲ್ ಹುಡುಗಿಗೆ ಬರುವುದು ಚೂಡಿದಾರದ ಬಟ್ಟೆ. ಹೊಲಿಗೆಯ ಕೂಲಿ ಮನೆಯವರದು. ಬ್ಯಾಡಗಿಯ ಎಷ್ಟೋ ಮನೆಗಳಲ್ಲಿ ಆ ಕೂಲಿ ಹುಟ್ಟುವುದು ತಾಯಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದ ದುಡ್ಡಿನಿಂದ. ಹಾಗಾಗಿ ಆಕೆ ಟೇಲರಿಗೆ ಹೇಳುವ ಮಾತು ಒಂದೇ: "ಬೆಳಿಯೋ ಹುಡುಗಿ ಅಣ್ಣಾ, ಒಳಗ ಬಟ್ಟಿ ಬಿಟ್ಟು ಸ್ವಲ್ಪ ದೊಡ್ಡದ ಹೊಲೀರಿ." ಎಷ್ಟು ದೊಡ್ಡದು ಹೊಲಿದರೂ ಎಷ್ಟು ದಿನ? ಹನ್ನೊಂದರಿಂದ ಹದಿನಾಲ್ಕರೊಳಗೆ ಹುಡುಗಿಯರು ಒಂದೇ ವರ್ಷಕ್ಕೆ ಎರಡೂವರೆ ಮೂರು ಇಂಚು ಎತ್ತರವಾಗುವುದುಂಟು. ಮೈ ಅಗಲವಾಗುವುದು ಬೇರೆ. ಎಂಟನೆಯತ್ತೆಯಲ್ಲಿ ಹೊಲಿದದ್ದು ಒಂಬತ್ತರಲ್ಲಿ ಬಿಗಿ, ಹತ್ತರಲ್ಲಿ ಗಿಡ್ಡ. ಮಡಿಕೆ ಬಿಚ್ಚಿ ಉದ್ದ ಮಾಡಿದ ಕುರ್ತಾದ ಕೆಳಗೆ ಬಣ್ಣ ಮಾಸದ ಒಂದು ಪಟ್ಟಿ ಉಳಿದಿರುತ್ತದೆ. ಆ ಪಟ್ಟಿ ಕಂಡವರಿಗೆ ಮನೆಯ ಪರಿಸ್ಥಿತಿ ಗೊತ್ತಾಗಬೇಕು. ಆದರೆ ಗೇಟಿನಲ್ಲಿ ನಿಂತವರಿಗೆ ಕಾಣುವುದು 'ಫ್ಯಾಷನ್ನು'. ಸರಕಾರದ ಬಟ್ಟೆ ತಡವಾಗಿ ಬಂದದ್ದಕ್ಕೆ, ಕೂಲಿ ಸಾಲದ್ದಕ್ಕೆ, ಮೈ ಬೆಳೆದದ್ದಕ್ಕೆ ಮೂರಕ್ಕೂ ದಂಡ ಕಟ್ಟುವವಳು ಆ ಹುಡುಗಿ.

ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದ, ಅಂದರೆ 1997ಕ್ಕೆ ಮುಂಚಿನ, ಹೈಸ್ಕೂಲ್ ಹುಡುಗಿಯರನ್ನು ಕೇಳಿದರೆ ಇದೇನೂ ಹೊಸತಲ್ಲ ಎನ್ನುತ್ತಾರೆ. ಲಂಗ ದಾವಣಿ ಇದ್ದಾಗ ದಾವಣಿ ಜಾರಿತೆಂದು ಬೈಗುಳ. ಸ್ಕರ್ಟು ಬಂದಾಗ ಮೊಣಕಾಲು ಕಂಡಿತೆಂದು ಬೈಗುಳ. ಮೈ ಪೂರ್ತಿ ಮುಚ್ಚುವ ಚೂಡಿದಾರ ಬಂತು, ಈಗ ವೇಲಿನ ಪಿನ್ನಿಗೆ ಬೈಗುಳ. ಬಟ್ಟೆ ಬದಲಾಯಿತು, ಬೈಯುವ ಬಾಯಿ ಅದೇ ಉಳಿಯಿತು.

ಯುನಿಫಾರ್ಮೇ ಬೇಡ ಎನ್ನುವ ವಾದವೂ ಇಲ್ಲಿ ಬೇಕಿಲ್ಲ. ಅಡತಿ ಅಂಗಡಿಯ ಸಾವುಕಾರರ ಮಗಳೂ ಅದೇ ಅಂಗಡಿಯ ಹಮಾಲರ ಮಗಳೂ ಒಂದೇ ಬೆಂಚಿನಲ್ಲಿ ಒಂದೇ ಬಣ್ಣದಲ್ಲಿ ಕೂರುವುದು ಸಣ್ಣ ಮಾತಲ್ಲ. ಕಾಯ್ದೆಯೂ ಶಾಲೆಗೆ ಆ ಅಧಿಕಾರ ಕೊಟ್ಟಿದೆ. ಕರ್ನಾಟಕ ಶಿಕ್ಷಣ ಕಾಯ್ದೆ 1983ರದ್ದು. ಅದರ ಕೆಳಗೆ 1995ರಲ್ಲಿ ಬಂದ ನಿಯಮಗಳ 11ನೆಯ ನಿಯಮ, ಮಾನ್ಯತೆ ಪಡೆದ ಪ್ರತಿ ಶಾಲೆಯೂ ತನ್ನ ಸಮವಸ್ತ್ರ ಗೊತ್ತುಮಾಡಬಹುದು ಎನ್ನುತ್ತದೆ. ಅದೇ ನಿಯಮದ ಮುಂದಿನ ಮಾತನ್ನು ಮಾತ್ರ ಬಹಳ ಶಾಲೆಗಳು ಓದುವುದಿಲ್ಲ: ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು 5 ವರ್ಷ ಬದಲಿಸುವಂತಿಲ್ಲ, ಬದಲಿಸಬೇಕಾದರೆ ಪಾಲಕರಿಗೆ 1 ವರ್ಷ ಮುಂಚೆ ನೋಟೀಸು ಕೊಡಬೇಕು. ಎರಡು ವರ್ಷಕ್ಕೊಮ್ಮೆ ಚೌಕಳಿ ಬದಲಿಸಿ "ಇಂಥಾ ಅಂಗಡಿಯಾಗ ತೊಗೋರಿ" ಎಂದು ಚೀಟಿ ಕೊಡುವ ಖಾಸಗಿ ಶಾಲೆಗಳ ಬಗ್ಗೆ ಉಳಿದ ಅಂಗಡಿಕಾರರು ಗೊಣಗುವುದುಂಟು. ಗೊಣಗುವುದರ ಬದಲು ಈ 11ನೆಯ ನಿಯಮವನ್ನು ಬಿ.ಇ.ಓ. ಸಾಹೇಬರ ಮೇಜಿನ ಮೇಲಿಟ್ಟರೆ ಪ್ರಯೋಜನವಾದೀತು.

ನಿಯಮದಲ್ಲಿ ಬಟ್ಟೆ ಗೊತ್ತುಮಾಡುವ ಅಧಿಕಾರ ಇದೆ. ಬಟ್ಟೆ ತೊಟ್ಟವಳ ಮಾನ ತೆಗೆಯುವ ಅಧಿಕಾರ ಎಲ್ಲಿದೆ? ಹುಡುಕಿದರೂ ಸಿಗದು. ಬದಲಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಕೆಳಗಿಟ್ಟ ಮಾಸ್ತರರು ಅಕ್ಕೋರುಗಳಲ್ಲಿ ಕೆಲವರು ನಾಲಿಗೆಯನ್ನು ಇನ್ನೂ ಕೆಳಗಿಟ್ಟಿಲ್ಲ.

ಗೇಟಿನ ತಪಾಸಣೆ ಇಡೀ ದೇಶ ನೋಡುವ ಸಂಗತಿಯಾದದ್ದು 2022ರಲ್ಲಿ. ಉಡುಪಿಯ ಸರಕಾರಿ ಹುಡುಗಿಯರ ಪಿ.ಯು. ಕಾಲೇಜಿನಲ್ಲಿ ಹಿಜಾಬ್ ಪ್ರಶ್ನೆ ಎದ್ದು, ಫೆಬ್ರುವರಿ 5ರಂದು ಸರಕಾರದ ಆದೇಶ ಬಂತು. ಪಿ.ಯು. ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಗೊತ್ತುಮಾಡಿದ ಬಟ್ಟೆಯೇ ಬಟ್ಟೆ ಎಂದಿತು. ಆ ಸಮಿತಿಗೆ ಅಧ್ಯಕ್ಷರು ಕ್ಷೇತ್ರದ ಶಾಸಕರು. ಅಂದರೆ ರಸ್ತೆ, ಗಟಾರದ ಜೊತೆಗೆ ಹುಡುಗಿಯರ ಅರಿವೆಯೂ ಶಾಸಕರ ಖಾತೆಗೆ ಬಂದಂತಾಯಿತು. ಮೂರು ದಿನ ರಾಜ್ಯದ ಹೈಸ್ಕೂಲು ಕಾಲೇಜುಗಳೆಲ್ಲ ಬಾಗಿಲು ಹಾಕಿದವು, ಹಾವೇರಿ ಜಿಲ್ಲೆಯದೂ ಸೇರಿ. ಮಾರ್ಚ್ 15ಕ್ಕೆ ಹೈಕೋರ್ಟು, ಹಿಜಾಬ್ ಧರ್ಮದ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರದ ನಿರ್ಬಂಧ ಸರಿ ಎಂದು ತೀರ್ಪು ಕೊಟ್ಟಿತು. ಪಕ್ಕದ ಗದಗಿನಲ್ಲಿ ಹಿಜಾಬ್ ತೊಟ್ಟ ಹುಡುಗಿಯರಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆಯಲು ಬಿಟ್ಟರೆಂದು 7 ಶಿಕ್ಷಕರು ಅಮಾನತಾದರು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ನ್ಯಾ. ಹೇಮಂತ್ ಗುಪ್ತಾ ಸರಕಾರದ ಆದೇಶ ಎತ್ತಿಹಿಡಿದರೆ, ನ್ಯಾ. ಸುಧಾಂಶು ಧುಲಿಯಾ ಅದನ್ನು ತಳ್ಳಿಹಾಕಿದರು. ಪ್ರಕರಣ ದೊಡ್ಡ ಪೀಠಕ್ಕೆ ಹೋಗಲಿ ಎಂದಾಯಿತು. 2023ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಆದೇಶ ಹಿಂದಕ್ಕೆ ತೆಗೆಯುತ್ತೇವೆ ಎಂದರು. ಮರುದಿನ, ಇನ್ನೂ ಆಲೋಚನೆಯಲ್ಲಿದೆ ಎಂದರು.

ಧರ್ಮದ ಪ್ರಶ್ನೆಗೆ ಎರಡೂ ಕಡೆ ವಾದವಿದೆ. ಆದರೆ ಧುಲಿಯಾ ಅವರ ತೀರ್ಪಿನಲ್ಲಿ ಇನ್ನೊಂದು ಮಾತಿತ್ತು, ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಶಾಲೆಯ ಗೇಟಿನಲ್ಲಿ ನಿಲ್ಲಿಸಿ ತೊಟ್ಟದ್ದನ್ನು ತೆಗೆ ಎನ್ನುವುದು ಆ ಹುಡುಗಿಯ ಖಾಸಗಿತನಕ್ಕೂ ಘನತೆಗೂ ಹಾಕಿದ ಕೈ ಎಂದು ಅವರು ಬರೆದರು. ಆ ಫೆಬ್ರುವರಿಯಲ್ಲಿ ಟಿ.ವಿ. ಕ್ಯಾಮರಾಗಳ ಮುಂದೆ, ಗೇಟಿನಲ್ಲಿ ನಿಂತು ಬುರ್ಖಾ ಬಿಚ್ಚಿದ ಮಕ್ಕಳನ್ನು ರಾಜ್ಯವೆಲ್ಲ ನೋಡಿದೆ. ಬಟ್ಟೆ ಹೆಚ್ಚಾಯಿತೆಂದು ನಿಲ್ಲಿಸಿದ ಹುಡುಗಿಗೂ ಬಟ್ಟೆ ಕಡಿಮೆಯಾಯಿತೆಂದು ನಿಲ್ಲಿಸಿದ ಹುಡುಗಿಗೂ ಜಾಗ ಒಂದೇ, ನೋಡುವ ಜನರೂ ಅವರೇ.

ಆ ಗಲಾಟೆಯ ದಿನಗಳಲ್ಲೇ ತುಂಗಭದ್ರೆಯ ದಂಡೆಯ ಹೊನ್ನಾಳಿ ಶಾಸಕ ರೇಣುಕಾಚಾರ್ಯ, ಕೆಲವು ಹೆಣ್ಣುಮಕ್ಕಳ ಉಡುಪೇ ಗಂಡಸರನ್ನು ಕೆರಳಿಸುತ್ತದೆ, ಅತ್ಯಾಚಾರ ಹೆಚ್ಚಲು ಅದು ಕಾರಣ ಎಂಬರ್ಥದ ಮಾತಾಡಿದರು. ಆಮೇಲೆ ಕ್ಷಮೆ ಕೇಳಿದರು. ಅದು ಒಂದು ಪಕ್ಷದ ರೋಗ ಎನ್ನುವಂತಿಲ್ಲ. 2017ರ ಹೊಸ ವರ್ಷದ ರಾತ್ರಿ ಬೆಂಗಳೂರಿನಲ್ಲಿ ಹೆಣ್ಣುಮಕ್ಕಳ ಮೇಲೆ ಕೈ ಹಾಕಿದ ಸುದ್ದಿ ಬಂದಾಗ, ಕಾಂಗ್ರೆಸ್ ಸರಕಾರದ ಗೃಹಮಂತ್ರಿ ಪರಮೇಶ್ವರ್ ಪಾಶ್ಚಾತ್ಯರಂಥ ಉಡುಪಿನ ಮಾತು ತೆಗೆದಿದ್ದರು. ಮಂತ್ರಿಯೇ ಹೀಗೆ ಮಾತಾಡಿದ ಮೇಲೆ ಪಿ.ಟಿ. ಮಾಸ್ತರರನ್ನು ಒಬ್ಬರನ್ನೇ ದೂರಿ ಏನು ಫಲ?

ಪರೀಕ್ಷೆಯ ಬಾಗಿಲಿನದು ಬೇರೆಯೇ ಕಥೆ. 2022ರ ಜುಲೈ 17ರ ನೀಟ್ ಪರೀಕ್ಷೆಯಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಒಂದು ಕೇಂದ್ರದಲ್ಲಿ ಲೋಹದ ಕೊಂಡಿ ಇದೆಯೆಂದು ಹುಡುಗಿಯರ ಒಳ ಉಡುಪನ್ನೇ ತೆಗೆಸಿದರೆಂಬ ದೂರು ಬಂದು, ಬಂಧನಗಳಾಗಿ, ಸೆಪ್ಟೆಂಬರ್‌ನಲ್ಲಿ ಮರುಪರೀಕ್ಷೆ ನಡೆಯಿತು. 2025ರ ಏಪ್ರಿಲ್‌ನಲ್ಲಿ ಸಿ.ಇ.ಟಿ. ಬರೆಯಲು ಬಂದ ಹುಡುಗರಿಗೆ ಜನಿವಾರ ತೆಗೆಯಲು ಹೇಳಿದ ಸುದ್ದಿ ಬೀದರ್, ಶಿವಮೊಗ್ಗದಿಂದ ಬಂತು. ರಾಜ್ಯವೇ ಎದ್ದು ಕೂತಿತು, ಕೆಲವೇ ದಿನಗಳಲ್ಲಿ ಸಿಬ್ಬಂದಿಯ ಮೇಲೆ ಕ್ರಮವೂ ಆಯಿತು. ಸಿಟ್ಟು ನ್ಯಾಯವಾದದ್ದೇ. ಮೈಮೇಲಿನದ್ದನ್ನು ನಾಲ್ಕು ಜನರೆದುರು ತೆಗೆಸಿದರೆ ಮನುಷ್ಯನಿಗೆ ಏನಾಗುತ್ತದೆ ಎಂಬುದು ಆ ವಾರ ಎಲ್ಲರಿಗೂ ತಿಳಿಯಿತು. ಹೈಸ್ಕೂಲ್ ಹುಡುಗಿಗೆ ಅದು ದಿನಾ ಬೆಳಿಗ್ಗೆ ತಿಳಿಯುತ್ತದೆ.

ಶಿಕ್ಷಕರ ಮಾತನ್ನೂ ಕೇಳಬೇಕು. ಅವರು ಹೇಳುವುದು ಬಸ್ ನಿಲ್ದಾಣದ ಭಯ. ಕಾಗಿನೆಲೆ, ಮೋಟೆಬೆನ್ನೂರು, ಮೆಡ್ಲೇರಿ ಕಡೆಯಿಂದ ಓದಲು ಬರುವ ಹುಡುಗಿಯರು ಸಂಜೆ ಬಸ್ಸಿಗಾಗಿ ಕಾಯುತ್ತ ನಿಲ್ಲುತ್ತಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಟಿಕೆಟ್ಟಿನ ಚಿಂತೆ ಹೋಯಿತು, ಬಸ್ಸಿನ ನೂಕುನುಗ್ಗಲು ಹೆಚ್ಚಾಯಿತು. ಅಲ್ಲಿ ಏನಾದರೂ ಆದರೆ ಊರವರು ಮೊದಲು ಬೈಯುವುದು ಶಾಲೆಯನ್ನು. ಅದಕ್ಕೇ ಮುಂಚೆಯೇ ಬಿಗಿ ಮಾಡುತ್ತೇವೆ ಎನ್ನುತ್ತಾರೆ. ಅವರ ಹೆದರಿಕೆ ಸುಳ್ಳಲ್ಲ. ಆದರೆ ಈ ಬಸ್ಸುಗಳಲ್ಲಿ ದಿನಾ ಓಡಾಡುವವರು ಒಂದು ಮಾತು ಬಲ್ಲರು: ಮೈಗೆ ಮೈ ಒತ್ತಿ ನಿಲ್ಲುವ ಪೋಕರಿ, ವೇಲಿಗೆ ಪಿನ್ನು ಇದೆಯೋ ಇಲ್ಲವೋ ನೋಡಿ ಒತ್ತುವುದಿಲ್ಲ. ಅವನನ್ನು ತಡೆಯುವ ಕೆಲಸ ಕಂಡಕ್ಟರರದು, ಪೊಲೀಸರದು, ಬಾಯಿ ಮುಚ್ಚಿಕೊಂಡು ಕಿಟಕಿಯ ಹೊರಗೆ ನೋಡುವ ಉಳಿದ ಪ್ರಯಾಣಿಕರದು. ಅದು ಕಷ್ಟದ ಕೆಲಸ. ಹುಡುಗಿಯನ್ನು ಬೈಯುವುದು ಸುಲಭ.

ಇದರ ಲೆಕ್ಕ ಹಾಜರಿ ಪುಸ್ತಕದಲ್ಲಿ ಬರುತ್ತದೆ. ಒಂದು ದಿನ ಬೈಸಿಕೊಂಡವಳು ಮರುದಿನ ಹೊಟ್ಟೆನೋವು ಎನ್ನುತ್ತಾಳೆ. "ಸಾಲಿಗೆ ಒಲ್ಯೆ" ಎಂದವಳಿಗೆ ಮನೆಯಲ್ಲಿ ಕಾರಣ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಹೇಳಿದರೆ "ನೀನ ಏನರ ಮಾಡಿರಬೇಕು" ಎಂದಾರೆಂಬ ಅಂಜಿಕೆ. ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಸಣ್ಣ ಕೈಗಳು ಯಾವಾಗಲೂ ಬೇಕು. ಎರಡು ವರ್ಷ ಕೂಲಿಗೆ ಹೋದವಳಿಗೆ ಗಂಡು ಹುಡುಕುವುದು ಶುರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21ಕ್ಕೂ ಹೆಚ್ಚು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಎಲ್ಲವೂ ಬಟ್ಟೆಯ ಬೈಗುಳದಿಂದಲೇ ಆದದ್ದು ಎನ್ನುವಂತಿಲ್ಲ. ಆದರೆ ಶಾಲೆ ಬಿಡಿಸಲು ನೆಪ ಹುಡುಕುವ ಮನೆಗೆ ಗೇಟಿನಲ್ಲಿ ಅತ್ತು ಬಂದ ಹುಡುಗಿಗಿಂತ ಒಳ್ಳೆಯ ನೆಪ ಬೇರೆ ಬೇಕೆ?

ಹೊರಗೆ ಬೇರೆ ದಾರಿಗಳನ್ನೂ ಹುಡುಕಿದ್ದಾರೆ. ಕೇರಳದ ಬಾಲುಶ್ಶೇರಿಯ ಸರಕಾರಿ ಹುಡುಗಿಯರ ಹೈಯರ್ ಸೆಕೆಂಡರಿ ಶಾಲೆಯಲ್ಲಿ 2021ರ ಡಿಸೆಂಬರ್‌ನಲ್ಲಿ ಹುಡುಗಿಯರಿಗೂ ಪ್ಯಾಂಟು ಶರ್ಟು ಬಂತು. ಬಸ್ಸು ಹತ್ತಲು, ಆಡಲು ಹಗುರ ಎಂದರು ಹುಡುಗಿಯರು, ವಿರೋಧವೂ ನಡೆಯಿತು. ಫ್ರಾನ್ಸಿನಂಥ ಫ್ರಾನ್ಸಿನಲ್ಲೂ 2020ರ ಸೆಪ್ಟೆಂಬರ್‌ನಲ್ಲಿ ಗಿಡ್ಡ ಅಂಗಿಯ ಹುಡುಗಿಯರನ್ನು ಗೇಟಿನಿಂದ ವಾಪಸು ಕಳಿಸಿದ್ದಕ್ಕೆ ಹುಡುಗಿಯರು ಒಂದು ದಿನ ಗೊತ್ತುಮಾಡಿ, ಬೇಕೆಂದೇ ಹಾಗೆಯೇ ಉಟ್ಟು ಶಾಲೆಗೆ ಬಂದರು. ಶಿಕ್ಷಣ ಮಂತ್ರಿಗಳು 'ಗಣರಾಜ್ಯಕ್ಕೆ ತಕ್ಕ ಉಡುಪು' ಎಂಬ ಮಾತು ಹೇಳಿ ನಗೆಪಾಟಲಾದರು.

ಹಾವೇರಿ ಜಿಲ್ಲೆಯಲ್ಲಿ ಅಷ್ಟು ದೂರ ಹೋಗದೆಯೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಬಟ್ಟೆ ಸರಿಯಿಲ್ಲವೆನಿಸಿದರೆ ಒಬ್ಬ ಅಕ್ಕೋರು ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದು, "ಯಾಕ ತಂಗಿ, ಇನ್ನೊಂದ ಜೊತಿ ಇಲ್ಲೇನು?" ಎಂದು ಕೇಳಬಹುದು. ಉತ್ತರ ಅಲ್ಲೇ ಸಿಗುತ್ತದೆ. ಹತ್ತನೆಯತ್ತೆ ಮುಗಿಸಿ ಹೋಗುವವರ ಒಳ್ಳೆಯ ಜೊತೆಗಳನ್ನು ಇಟ್ಟುಕೊಂಡು ಕೆಳಗಿನ ತರಗತಿಯವರಿಗೆ ಗುಟ್ಟಾಗಿ ಕೊಡಬಹುದು, ಇದಕ್ಕೆ ಸರಕಾರದ ಆದೇಶ ಬೇಕಿಲ್ಲ. ಗೇಟಿನಲ್ಲಿ ಗಂಡಸರು ನಿಂತು ಹುಡುಗಿಯರ ಬಟ್ಟೆ ನೋಡುವುದು ನಾಳೆಯಿಂದಲೇ ನಿಲ್ಲಬೇಕು, ಇದಕ್ಕೂ ಆದೇಶ ಬೇಕಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯ ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಕಾಗದದಲ್ಲಿ ಇದ್ದಾರೆ. ಎಷ್ಟೋ ಕಡೆ ಆ ತಾಯಂದಿರು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ, ಚಹಾ ಕುಡಿದು, ಕೂಲಿಗೆ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ಕುರ್ತಾದ ಉದ್ದ ಎಷ್ಟಿರಬೇಕು, ವರ್ಷದ ನಡುವೆ ಬಿಗಿಯಾದರೆ ಏನು ಮಾಡಬೇಕು, ಎರಡನೆಯ ಜೊತೆ ಎಂದು ಬರುತ್ತದೆ ಎಂಬುದನ್ನು ಮುಂದಿನ ಸಭೆಯಲ್ಲಿ ಅವರನ್ನು ಕೂರಿಸಿಕೊಂಡು ಕೇಳಿದರೆ, ಟೇಲರ್ ಅಂಗಡಿಯಲ್ಲಿ ಹೇಳುವ ಮಾತನ್ನೇ ಅವರು ಅಲ್ಲೂ ಹೇಳಿಯಾರು.