ಬಣ್ಣ ಬದಲಾದರೆ ಬುಗುರಿ ಬೇರೆಯೆ?

ಹಳೆಯ ಪಾತ್ರವೊಂದಕ್ಕೆ ಹೊಸ ನಟನನ್ನು ತರುತ್ತಾರಂತೆ ಎಂಬ ಸುದ್ದಿ ಹೊರಬಿದ್ದರೆ ಸಾಕು, ಪಾಠಪ್ರವಚನಗಳಲ್ಲಿ ಕಾಣದ ಉತ್ಸಾಹ ನಮ್ಮ ವಿದ್ಯಾರ್ಥಿಗಳಲ್ಲಿ ಹುಟ್ಟಿಕೊಳ್ಳುತ್ತದೆ. 1997ರಿಂದ 2005ರವರೆಗೆ ದೂರದರ್ಶನದಲ್ಲಿ ಪ್ರಸಾರವಾದ 'ಶಕ್ತಿಮಾನ್' ಧಾರಾವಾಹಿಯನ್ನು ಚಲನಚಿತ್ರವಾಗಿ ತೆಗೆಯುವುದಾಗಿ 2022ರಲ್ಲಿ ಪ್ರಕಟಣೆ ಹೊರಟಿತು. ಮುಕೇಶ್ ಖನ್ನಾ ಅವರು ತೊಟ್ಟಿದ್ದ ಆ ಉಡುಪು ಇನ್ನಾರ ಮೈಗೆ ಒಪ್ಪೀತು ಎಂಬ ಊಹಾಪೋಹ ಅಂದಿನಿಂದ ರಾಮನಗರ, ಚನ್ನಪಟ್ಟಣಗಳ ಬಸ್ ನಿಲ್ದಾಣಗಳಲ್ಲಿಯೂ ಕಿವಿಗೆ ಬೀಳುತ್ತ ಬಂದಿದೆ. ಇದೆಲ್ಲ ಬರಿಯ ಕಾಲಹರಣವೆಂದು ಹಿರಿಯರು ಗದರಿಸುವುದುಂಟು. ನಮಗೆ ಹಾಗೆ ತೋರುವುದಿಲ್ಲ. ವಿಜ್ಞಾನವೂ ಊಹೆಯಿಂದಲೇ ಹೊರಡತಕ್ಕದ್ದು. ನಮ್ಮ ತಕರಾರಿರುವುದು ಊಹೆಯ ಗುರಿಯ ಬಗೆಗೆ. ಯಾರ ಮುಖ ಹೋಲುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಆ ಪಾತ್ರದಲ್ಲಿ ಬದಲಾಗದೆ ಉಳಿಯಬೇಕಾದುದು ಯಾವುದು ಎಂದು ಕೇಳುವವರು ವಿರಳ.

ಈ ಪ್ರಶ್ನೆಯನ್ನು ಬಹುಕಾಲದಿಂದ ಎದುರಿಸುತ್ತ ಬಂದಿರುವುದು ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯ 'ಡಾಕ್ಟರ್ ಹೂ' ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ. ಅದು ಆರಂಭವಾದುದು 1963ರ ನವೆಂಬರ್ 23ರಂದು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸಬಲ್ಲ ಅನ್ಯಲೋಕದ 'ಡಾಕ್ಟರ್' ಅದರ ನಾಯಕ. ಮೊದಲ ಡಾಕ್ಟರಾಗಿದ್ದ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ 1966ರ ವೇಳೆಗೆ ಕೆಟ್ಟಿತು. ನಾಯಕನಿಲ್ಲದೆ ಕಥೆಯಿಲ್ಲ, ಕಥೆಯನ್ನು ನಿಲ್ಲಿಸಲು ತಯಾರಕರಿಗೆ ಮನಸ್ಸಿಲ್ಲ. ಆಗ ಅವರು ಕಥೆಯ ಲೋಕಕ್ಕೇ ಒಂದು ಹೊಸ ನಿಯಮವನ್ನು ಸೇರಿಸಿದರು: ಡಾಕ್ಟರನ ದೇಹ ಸವೆದಾಗ ಅದು ತನ್ನನ್ನು ತಾನೇ ನವೀಕರಿಸಿಕೊಳ್ಳುತ್ತದೆ. ಆ ವರ್ಷದ ಅಕ್ಟೋಬರ್ 29ರ ಕಂತಿನ ಕೊನೆಯಲ್ಲಿ ನೆಲಕ್ಕೆ ಕುಸಿದ ಹಾರ್ಟ್ನೆಲ್ ಅವರ ಮುಖ ಬೆಳಕಿನಲ್ಲಿ ಕರಗಿ ಪ್ಯಾಟ್ರಿಕ್ ಟ್ರೌಟನ್ ಅವರ ಮುಖವಾಯಿತು. ಇಬ್ಬರಲ್ಲಿ ಹೋಲಿಕೆಯಿರಲಿಲ್ಲ, ಹೋಲಿಕೆ ಬೇಕೆಂದು ಯಾರೂ ಹಟ ಹಿಡಿಯಲೂ ಇಲ್ಲ. (ಆ ಕಂತಿನ ಪ್ರತಿ ಬಿ.ಬಿ.ಸಿ.ಯ ಬಳಿ ಈಗ ಇಲ್ಲ. ಮುಖ ಬದಲಾಗುವ ಆ ಕ್ಷಣಗಳ ತುಣುಕು ಮಾತ್ರ ಉಳಿದುಕೊಂಡದ್ದು ನಮ್ಮ ಅದೃಷ್ಟ.)

ಹಾರ್ಟ್ನೆಲ್ ಅವರು 1975ರಲ್ಲಿ ತೀರಿಕೊಂಡರು. ಮುಂದೆ 1983ರಲ್ಲಿ, ಧಾರಾವಾಹಿಯ ಇಪ್ಪತ್ತನೆಯ ವರ್ಷದ ವಿಶೇಷ ಕಂತಿಗೆ ಮೊದಲ ಡಾಕ್ಟರೇ ಮತ್ತೆ ಬೇಕಾದಾಗ ರಿಚರ್ಡ್ ಹರ್ಂಡಾಲ್ ಎಂಬ ನಟರು ಆ ವೇಷ ಧರಿಸಿದರು. 2017ರ ಕ್ರಿಸ್ಮಸ್ ವಿಶೇಷ ಕಂತಿನಲ್ಲಿ ಅದೇ ಪಾತ್ರ ಡೇವಿಡ್ ಬ್ರಾಡ್ಲಿ ಅವರ ಪಾಲಿಗೆ ಬಂದಿತು. ಅವರೊಡನೆ 1966ರ ಬೆನ್, ಪಾಲಿ ಎಂಬ ಸಂಗಡಿಗರ ಪಾತ್ರಗಳಿಗೂ ಹೊಸ ನಟರು ಬಂದರು. ಇಂಥ ಕಂತುಗಳು ಬರುವ ಮುನ್ನ ಅಭಿಮಾನಿಗಳು ಹಳೆಯ ಚಿತ್ರಗಳನ್ನು ಪಕ್ಕದಲ್ಲಿರಿಸಿಕೊಂಡು ಮೂಗು, ಗಲ್ಲ, ಕೂದಲುಗಳನ್ನು ತಾಳೆ ನೋಡುತ್ತಾರೆ. ಮುಖ ಬದಲಾದರೂ ಅವನೇ ಇವನು ಎಂಬ ನಿಯಮದ ಮೇಲೆ ನಿಂತ ಕಥೆಯ ಅಭಿಮಾನಿಗಳೇ ಮೂಗನ್ನು ಅಳೆಯಲು ಹೊರಡುವುದು ವಿನೋದವೇ ಸರಿ.

ಮುಖ ಬದಲಾದ ಆ 1966ರ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸೈಬರ್‌ಮನ್ನರು ಎಂಬ ಜನ ಮೊಟ್ಟಮೊದಲು ಕಾಣಿಸಿಕೊಂಡುದು ಅದರಲ್ಲಿಯೇ. ಅವರು ಒಂದೊಂದೇ ಅವಯವವನ್ನು ತೆಗೆದು ಲೋಹದ, ಪ್ಲಾಸ್ಟಿಕ್ಕಿನ ಅವಯವಗಳನ್ನು ಜೋಡಿಸಿಕೊಳ್ಳುತ್ತ ಹೋಗಿ ಕಡೆಗೆ ನೋವು, ಮರುಕಗಳನ್ನೇ ಕಳೆದುಕೊಂಡವರು. ಅವರನ್ನು ಕಲ್ಪಿಸಿದ ಕಿಟ್ ಪೆಡ್ಲರ್ ಸ್ವತಃ ವೈದ್ಯವಿಜ್ಞಾನಿ. ಒಂದೇ ಕಥೆಯಲ್ಲಿ ಎರಡು ಬಗೆಯ ಬದಲಾವಣೆ! ಅತ್ತ ಸೈಬರ್‌ಮನ್ನರು ಬದುಕನ್ನು ಉಳಿಸಿಕೊಳ್ಳಲು ಹೊರಟು ಮನುಷ್ಯತ್ವವನ್ನು ಬಿಟ್ಟರು. ಇತ್ತ ಡಾಕ್ಟರನು ಅಡಿಯಿಂದ ಮುಡಿಯವರೆಗೆ ಬದಲಾಗಿ ತಾನಾಗಿಯೇ ಉಳಿದನು. ಉಳಿದದ್ದು ಯಾವುದು? ಅವನ ಕುತೂಹಲ, ಬಲಶಾಲಿಗೆ ತಲೆಬಾಗದ ಗುಣ, ಆಯುಧಕ್ಕಿಂತ ಬುದ್ಧಿಯನ್ನು ನೆಚ್ಚುವ ರೀತಿ.

ಭೌತವಿಜ್ಞಾನದಲ್ಲಿ ಇಂಥ ವಿಚಾರ ನಿತ್ಯದ್ದು. ಒಂದು ವಸ್ತುವನ್ನು ತಿರುಗಿಸಿ, ಸರಿಸಿ, ಮತ್ತೊಂದು ಕಡೆಯಿಂದ ನೋಡಿ, ಇಷ್ಟಾದರೂ ಬದಲಾಗದಿರುವುದು ಯಾವುದೆಂದು ಹುಡುಕುತ್ತೇವೆ. ಚನ್ನಪಟ್ಟಣದ ಬುಗುರಿಯನ್ನೇ ತೆಗೆದುಕೊಳ್ಳಿ. ಆಲೆಮರದ ತುಂಡನ್ನು ಲೇತಿನ ಮೇಲೆ ತಿರುಗಿಸಿ ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನು ಒತ್ತಿ ಹಚ್ಚುತ್ತಾರೆ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಹಿಡಿದುಕೊಳ್ಳುತ್ತದೆ. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸುರು. ಬಣ್ಣ ಬೇರೆಯೆಂದು ಬುಗುರಿಯ ಆಟ ಬೇರೆಯಾಗುವುದಿಲ್ಲ; ಅಕ್ಷದ ಸುತ್ತ ತೂಕ ಹಂಚಿಕೆಯಾಗಿರುವ ರೀತಿ ಒಂದೇ ಆದರೆ ಎರಡೂ ಒಂದೇ ಬಗೆಯಾಗಿ ಆಡುತ್ತವೆ. ಆ ಹಂಚಿಕೆ ಕೆಟ್ಟರೆ, ಅದೇ ಮರ, ಅದೇ ಬಣ್ಣವಿದ್ದರೂ ಬುಗುರಿ ತೂರಾಡಿ ಬೀಳುತ್ತದೆ. ಪಾತ್ರಕ್ಕೂ ಇಂಥದೊಂದು ಅಕ್ಷವಿದೆಯೆಂಬುದು ನಮ್ಮ ವಾದ.

ನಮ್ಮ ಹಳ್ಳಿಗರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಾಗಡಿ, ಕನಕಪುರಗಳ ಕಡೆ ಸುಗ್ಗಿ ಮುಗಿದ ಮೇಲೆ ಆಡುವ 'ಕುರುಕ್ಷೇತ್ರ' ನಾಟಕವನ್ನು ನೋಡಿದವರು ಬಲ್ಲರು. ಪಾತ್ರ ಮಾಡುವವರು ತಾವೇ ಹಣ ಹಾಕಿ, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ರಂಗಕ್ಕೇರುತ್ತಾರೆ. ಹೋದ ಸಲ ದುರ್ಯೋಧನನಾದವನು ಸ್ಥೂಲಕಾಯ. ಈ ಸಲದವನು ಕಡ್ಡಿಪೈಲ್ವಾನ. ಜನ ಇವನಿಗೂ ಶಿಳ್ಳೆ ಹೊಡೆಯುತ್ತಾರೆ. ಆದರೆ ಛಲದ ಮಾತು ಬರುವಲ್ಲಿ ಅವನ ಕಂಠ ಅಳುಕಿತೋ, ಬೆಳಗಾದ ಮೇಲೆ ಟೀ ಅಂಗಡಿಯಲ್ಲಿ ಅವನಿಗೆ ಉಳಿಗಾಲವಿಲ್ಲ. ಅವರು ಅಳೆಯುವುದು ಛಲವನ್ನು, ಸೊಂಟದ ಸುತ್ತಳತೆಯನ್ನಲ್ಲ.

ಊಹೆಯ ಪಟ್ಟಿಗಳಿಗೆ ಇನ್ನೊಂದು ದೌರ್ಬಲ್ಯವಿದೆ: ಅವುಗಳಲ್ಲಿ ನಾವು ಆಗಲೇ ಬಲ್ಲ ಮುಖಗಳಷ್ಟೇ ಇರುತ್ತವೆ. ರಾಮನಗರದ ಬಂಡೆಗಳ ನಡುವೆ 1973ರಲ್ಲಿ ಚಿತ್ರೀಕರಣ ಆರಂಭವಾಗಿ 1975ರಲ್ಲಿ ತೆರೆಕಂಡ 'ಶೋಲೆ'ಯ ಗಬ್ಬರ್ ಸಿಂಗನ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಡ್ಯಾನಿ ಡೆಂಜೋಂಗ್ಪಾ. ಅವರಿಗೆ ಬಿಡುವಾಗದೆ ಹೋದುದರಿಂದ ಹೆಚ್ಚು ಜನಕ್ಕೆ ಪರಿಚಯವಿರದ ಅಮ್ಜದ್ ಖಾನ್ ಬಂದರು. ಅಂದು ಅಭಿಮಾನಿಗಳಿಂದ ಪಟ್ಟಿ ಕೇಳಿದ್ದರೆ ಆ ಹೆಸರು ಅದರಲ್ಲಿ ಇರುತ್ತಿತ್ತೆ? 2007ರಲ್ಲಿ ರಾಮ್ ಗೋಪಾಲ್ ವರ್ಮಾ ಅವರು ಅದೇ ಕಥೆಯನ್ನು ಮತ್ತೆ ತೆಗೆದು ಖಳನ ಪಾತ್ರವನ್ನು ಅಮಿತಾಭ್ ಬಚ್ಚನ್ ಅವರಿಗೆ ಕೊಟ್ಟರು. ಹೆಸರು ದೊಡ್ಡದು, ಚಿತ್ರವನ್ನು ಜನ ಒಪ್ಪಲಿಲ್ಲ.

ಇಷ್ಟನ್ನು ಬರೆಯಲು ನಮ್ಮನ್ನು ಪ್ರೇರಿಸಿದುದು ಈಚಿನ ಬೇರೊಂದು ಪ್ರವೃತ್ತಿ. ಹೊಸ ನಟ ಏಕೆ, ಹಳೆಯ ಮುಖವನ್ನೇ ಕಂಪ್ಯೂಟರಿನಿಂದ ಮರಳಿ ತರೋಣ ಎನ್ನುವವರು ಹೆಚ್ಚುತ್ತಿದ್ದಾರೆ. 2009ರಲ್ಲಿ ನಿಧನರಾದ ವಿಷ್ಣುವರ್ಧನ್ ಅವರು 2016ರ 'ನಾಗರಹಾವು' ಚಿತ್ರದಲ್ಲಿ ಹೀಗೆ ಕಾಣಿಸಿಕೊಂಡರು. ಪುನೀತ್ ರಾಜ್‌ಕುಮಾರ್ ಅವರು 2021ರಲ್ಲಿ ಅಗಲಿದಾಗ ಅವರ 'ಜೇಮ್ಸ್' ಚಿತ್ರಕ್ಕೆ ಧ್ವನಿ ಜೋಡಿಸುವುದು ಬಾಕಿಯಿತ್ತು. ಮರುವರ್ಷ ಅಣ್ಣ ಶಿವರಾಜ್‌ಕುಮಾರ್ ಅವರ ಧ್ವನಿಯಲ್ಲಿ ಚಿತ್ರ ತೆರೆಕಂಡು, ಕೆಲವು ವಾರಗಳಲ್ಲಿಯೇ ತಂತ್ರಜ್ಞಾನದ ನೆರವಿನಿಂದ ರೂಪಿಸಿದ ಪುನೀತರ ಧ್ವನಿಯೊಡನೆ ಮತ್ತೆ ಬಂದಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 'ಜೇಮ್ಸ್' ನಟ ತಾನೇ ಅಭಿನಯಿಸಿ ಬಿಟ್ಟುಹೋದ ಕೆಲಸ. ಅದನ್ನು ಪೂರ್ಣಗೊಳಿಸುವುದು ಉಚಿತವೇ ಆಗಿತ್ತು. ನಟ ಎಂದೂ ಒಪ್ಪಿಕೊಳ್ಳದ, ಕಾಣದ ಹೊಸ ಪಾತ್ರಕ್ಕೆ ಅವನ ಮುಖವನ್ನು ಹಚ್ಚುವುದು ಬೇರೆಯ ಮಾತು.

ಗಂಟಲು, ಬಾಯಿಗಳ ಆಕಾರಕ್ಕೆ ತಕ್ಕಂತೆ ಕೆಲವು ಕಂಪನಗಳು ಬಲಗೊಳ್ಳುವುದರಿಂದ ಪ್ರತಿಯೊಬ್ಬರ ಧ್ವನಿಗೂ ಒಂದು ಛಾಪು ಬರುತ್ತದೆ. ಯಂತ್ರ ಆ ಛಾಪನ್ನು ಹಿಡಿಯಬಲ್ಲುದು. ಈ ಮಾತಿನ ಮುಂದೆ ಎಷ್ಟು ಹೊತ್ತು ಸುಮ್ಮನಿರಬೇಕು, ಈ ಸಲ ಏಕೆ ನಗಬಾರದು ಎಂದು ಇಂದು ನಿಂತು ನಿರ್ಧರಿಸಲು ಮಾತ್ರ ಆ ನಟ ಇಲ್ಲ. ಆ ನಿರ್ಧಾರ ಬೇರೆ ಯಾರದೋ. ಹಾಗಿರುವಾಗ ಆ ಬೇರೊಬ್ಬನು ತನ್ನ ಮುಖದಿಂದಲೇ ಏಕೆ ರಂಗಕ್ಕೆ ಬರಬಾರದು? ಹಳೆಯ ಮುಖಗಳೇ ಕೊನೆಯಿಲ್ಲದೆ ತೆರೆಯನ್ನು ತುಂಬಿದರೆ, ಇಂದು ಕಾಲೇಜಿನ ರಂಗದ ಮೇಲೆ ಅಳುಕುತ್ತ ನಿಂತಿರುವ ಹುಡುಗ ಹುಡುಗಿಯರಿಗೆ ಎಡೆಯೆಲ್ಲಿ?

ಶಕ್ತಿಮಾನನ ವಿಚಾರದಲ್ಲಿಯೂ ಚರ್ಚೆಯೆಲ್ಲ ತೋಳು, ಎದೆ, ಎತ್ತರಗಳ ಸುತ್ತಲೇ ನಡೆಯುತ್ತಿದೆ. ಆ ಧಾರಾವಾಹಿಯ ಅರ್ಧಭಾಗದಲ್ಲಿ ನಾಯಕ ಹಲ್ಲುಬ್ಬಿನ, ಪೆದ್ದುನಗೆಯ, ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿ ಉಸಿರುಗಟ್ಟಿಸುವ ಗಂಗಾಧರನಾಗಿ ಓಡಾಡುತ್ತಾನೆ. ಕನ್ನಡಕದ ಆ ಗಂಗಾಧರ ಯಾರಾಗಬೇಕೆಂದು ಊಹಿಸಿದ ವಿದ್ಯಾರ್ಥಿ ನಮಗೆ ಇನ್ನೂ ಸಿಕ್ಕಿಲ್ಲ.