ಲೇತಿಗೆ ಕೊಡುವುದೋ, ಹೊಸದು ಹಾಕುವುದೋ?



ಪತಿ ಗಲ್ಫಿನಲ್ಲಿ, ಕಾರು ಮನೆಯಂಗಳದಲ್ಲಿ. ಮಕ್ಕಳನ್ನು ಶಾಲೆಗೆ ಬಿಡುವುದು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮದುವೆ ಮನೆಗೆ ಹೋಗುವುದು ಎಲ್ಲವೂ ಅದರಲ್ಲೇ. ಇಂತಹ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಆದರೆ ಅವುಗಳ ಓಟ ನಿಂತಿಲ್ಲ. ಹಳೆಯ ಕಾರು ಓಡುತ್ತದೆಯೇ ಎಂದು ನಾವೆಲ್ಲ ನೋಡುತ್ತೇವೆ. ಸರಿಯಾಗಿ ನಿಲ್ಲುತ್ತದೆಯೇ ಎಂದು ನೋಡುವವರು ಕಡಿಮೆ.

ಈ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್ ಬ್ರೇಕ್ ಇರುತ್ತದೆ. ಹಳೆಯ ಅಂಬಾಸಿಡರ್‌ಗಳಲ್ಲಿ ನಾಲ್ಕಕ್ಕೂ ಡ್ರಮ್ಮೇ. ಡ್ರಮ್ ಎಂದರೆ ಚಕ್ರದೊಂದಿಗೆ ತಿರುಗುವ, ಬೋಗುಣಿಯಂತಹ ಎರಕದ ಕಬ್ಬಿಣದ ಭಾಗ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿವೆ. ಪೆಡಲ್ ಒತ್ತಿದಾಗ ಅವು ಹೊರಕ್ಕೆ ಸರಿದು, ಅವುಗಳ ಮೇಲಿನ ಲೈನಿಂಗ್ ಡ್ರಮ್ಮಿನ ಒಳಗೋಡೆಗೆ ಉಜ್ಜುತ್ತದೆ. ಹ್ಯಾಂಡ್ ಬ್ರೇಕ್ ಎಳೆದಾಗಲೂ ಕೆಲಸ ಮಾಡುವುದು ಹಿಂದಿನ ಶೂಗಳೇ. ಲೈನಿಂಗ್ ತೀರಾ ಸವೆದರೆ ರಿವೆಟ್ ಅಥವಾ ಕಬ್ಬಿಣವೇ ತಾಗಿ ಡ್ರಮ್ಮಿನಲ್ಲಿ ಗೆರೆ ಕೊರೆಯುತ್ತದೆ.

ಅದು ನಿಮಗೆ ಹೀಗೆ ತಿಳಿಯುತ್ತದೆ: ಬ್ರೇಕ್ ಹಾಕಿದಾಗ ಕರಕರ ಸದ್ದು, ಪೆಡಲ್ ಮೊದಲಿಗಿಂತ ಕೆಳಗೆ ಹೋಗುವುದು, ಹ್ಯಾಂಡ್ ಬ್ರೇಕನ್ನು ತುಂಬಾ ಮೇಲಕ್ಕೆ ಎಳೆಯಬೇಕಾಗುವುದು, ಗಾಡಿ ಒಂದು ಬದಿಗೆ ಎಳೆಯುವುದು. ಪೆಡಲ್ ಕಾಲಡಿಯಲ್ಲಿ ಅದುರುತ್ತಿದ್ದರೆ ಡ್ರಮ್ಮಿನ ದುಂಡು ಕೆಟ್ಟಿರಬಹುದು. ಬ್ರೇಕ್ ಆಯಿಲ್ ಕಡಿಮೆಯಾಗುತ್ತಾ, ಚಕ್ರದ ಒಳಬದಿ ಒದ್ದೆಯಾಗಿದ್ದರೆ ವೀಲ್ ಸಿಲಿಂಡರ್ ಸೋರುತ್ತಿರಬಹುದು. ಆಗ ಮೊದಲು ಅದನ್ನು ಸರಿಪಡಿಸಬೇಕು. ಆಯಿಲ್ ಕುಡಿದ ಶೂಗಳನ್ನು ಒರೆಸಿ ಮತ್ತೆ ಹಾಕಬಾರದು.

ಗ್ಯಾರೇಜಿನಲ್ಲಿ ಬಿಚ್ಚಿದ ಮೇಲೆ ಕೇಳುವ ಮಾತು ಎರಡೇ: "ಲೇತಿಗೆ ಹಾಕಿಸೋಣ" ಅಥವಾ "ಹೊಸದು ಹಾಕೋಣ". ಯಾವುದಕ್ಕೂ ಒಪ್ಪುವ ಮೊದಲು, "ಅಣ್ಣ, ಅಳೆದು ಎಷ್ಟಿದೆ ಹೇಳಿ" ಎಂದು ಕೇಳಿ. ಡ್ರಮ್ ಎಷ್ಟು ಅಗಲವಾಗುವವರೆಗೆ ಬಳಸಬಹುದು ಎಂಬ ಮಿತಿಯನ್ನು ಸಾಮಾನ್ಯವಾಗಿ ಡ್ರಮ್ಮಿನ ಮೇಲೆಯೇ 'ಮ್ಯಾಕ್ಸ್' ಎಂದು ಅಚ್ಚು ಹಾಕಿರುತ್ತಾರೆ. ಅದು ಕಾಣದಿದ್ದರೆ ಆ ಕಾರಿನ ಸರ್ವಿಸ್ ಪುಸ್ತಕದಲ್ಲಿ ನೋಡಬೇಕು.

ಲೆಕ್ಕ ಕಷ್ಟದ್ದಲ್ಲ. ಮಿತಿ 182 ಮಿ.ಮೀ. ಎಂದಿಟ್ಟುಕೊಳ್ಳಿ. ನಿಮ್ಮ ಡ್ರಮ್ ಈಗ 181.2 ಇದೆ, ಗೆರೆಯ ಆಳ 0.3. ಲೇತಿನಲ್ಲಿ ಸುತ್ತಲೂ 0.3 ಕೆತ್ತಿದರೆ ಎರಡೂ ಬದಿ ಸೇರಿ ವ್ಯಾಸ 0.6 ಹೆಚ್ಚಿ 181.8 ಆಗುತ್ತದೆ. ಮುಂದಿನ ಸವೆತಕ್ಕೆ ಉಳಿಯುವುದು 0.2 ಮಾತ್ರ. ಇಲ್ಲಿ ಲೇತಿನ ಕೂಲಿ ನೀರಿಗೆ ಹಾಕಿದಂತೆ, ಹೊಸದೇ ಮೇಲು. ಅದೇ ಡ್ರಮ್ 180.4 ಇದ್ದರೆ ಕೆತ್ತಿದ ಮೇಲೂ 181 ಅಷ್ಟೆ. ಧೈರ್ಯವಾಗಿ ಲೇತಿಗೆ ಕೊಡಬಹುದು. ಆದರೆ ಬಿರುಕು ಕಂಡರೆ ಯಾವ ಲೆಕ್ಕವೂ ಬೇಡ, ಬದಲಿಸಲೇಬೇಕು.

"ಸ್ವಲ್ಪ ಮಿತಿ ಮೀರಿದರೆ ಏನಾಗುತ್ತದೆ?" ಎನ್ನುವವರಿದ್ದಾರೆ. ಬ್ರೇಕಿನ ಉಜ್ಜಾಟದಿಂದ ಹುಟ್ಟುವ ಬಿಸಿಯನ್ನು ಹೀರಿಕೊಳ್ಳುವುದು ಡ್ರಮ್ಮಿನ ಕಬ್ಬಿಣವೇ. ತೆಳುವಾದ ಡ್ರಮ್ ಬೇಗ ಕಾಯುತ್ತದೆ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಇನ್ನೂ ಕೆಳಗಿಳಿಯುತ್ತದೆ. ಪೇಟೆಯ ರಸ್ತೆಯಲ್ಲಿ ಇದು ಗೊತ್ತಾಗದಿರಬಹುದು. ಚಾರ್ಮಾಡಿಯ ಅಥವಾ ಆಗುಂಬೆಯ ಇಳಿಜಾರಿನಲ್ಲಿ, ಗಾಡಿ ತುಂಬಾ ಮಕ್ಕಳಿರುವಾಗ ಗೊತ್ತಾದರೆ? ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಘಾಟಿ ಇಳಿಯುವಾಗ ಕಡಿಮೆ ಗೇರಿನಲ್ಲೇ ಇಳಿಯಿರಿ.

ಕೆಲಸ ಮಾಡಿಸುವಾಗ ಇನ್ನು ಕೆಲವು ಮಾತುಗಳು ನೆನಪಿರಲಿ. ಶೂಗಳನ್ನು ಎರಡೂ ಚಕ್ರಗಳಿಗೆ ಒಟ್ಟಿಗೇ ಬದಲಿಸಬೇಕು. ಡ್ರಮ್ಮನ್ನೂ ಜೋಡಿಯಾಗಿಯೇ ಹಾಕಿಸುವುದು ಒಳ್ಳೆಯದು. ಒಂದು ಬದಿ ಹೊಸದು, ಒಂದು ಬದಿ ಹಳೆಯದು ಎಂದಾದರೆ ಹಿಡಿತ ಒಂದೇ ಸಮನಾಗಿ ಬರುವುದಿಲ್ಲ. ಹೊಸ ಡ್ರಮ್ಮಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಅದನ್ನು ಪೂರ್ತಿ ತೊಳೆಯಬೇಕು. ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಲಿ, ಮಕ್ಕಳನ್ನು ದೂರವಿಡಿ.

ಗಾಡಿ ಕೈಗೆ ಬಂದ ಮೇಲೆ ಮೊದಲು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಬ್ರೇಕ್ ಹಾಕಿ ನೋಡಿ. ಹೊಸ ಶೂ ಡ್ರಮ್ಮಿಗೆ ಹೊಂದಿಕೊಳ್ಳಲು ಸ್ವಲ್ಪ ಓಟ ಬೇಕು. ಅಲ್ಲಿಯವರೆಗೆ ಗಟ್ಟಿಯಾಗಿ ತುಳಿಯುವ ಸಂದರ್ಭ ತಂದುಕೊಳ್ಳಬೇಡಿ.

ಮೆಕ್ಯಾನಿಕ್ ಬಳಿ ಪ್ರಶ್ನೆ ಕೇಳಲು ಸಂಕೋಚ ಬೇಡ. ಬಟ್ಟೆಯಂಗಡಿಯಲ್ಲಿ ಮೀಟರ್ ಲೆಕ್ಕ ಕೇಳುವ ನಾವು ಗ್ಯಾರೇಜಿನಲ್ಲಿ ಮಿಲಿಮೀಟರ್ ಲೆಕ್ಕ ಕೇಳಿದರೆ ತಪ್ಪೇನಿದೆ? ಒಳ್ಳೆಯ ಮೆಕ್ಯಾನಿಕ್ ಸಂತೋಷದಿಂದಲೇ ಅಳೆದು ತೋರಿಸುತ್ತಾನೆ.