ಚುಕ್ಕಿಗೆ ಚುಕ್ಕಿ ಸೇರಿಸಿದರೆ ಸಾಲದು

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ವಿಸ್ತರಿಸಿ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳಿ ಅಂಕವನ್ನೂ ಕೊಡುತ್ತೇವೆ. ಆದರೆ ಅಂಗಡಿಯಿಂದ ತಂದ ವಸ್ತುವಿನ ಜೊತೆ ಅಚ್ಚಾದ ಚೀಟಿಯೊಂದು ಬಂದರೆ ಸಾಕು, ಗಾದೆ ಅಲ್ಲಿಗೆ ಮುಗಿಯಿತು. ಚೀಟಿಯಲ್ಲಿ ಇದೆಯಲ್ಲ, ಇನ್ನೇನು ನೋಡುವುದು ಎನ್ನುತ್ತೇವೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ಕಾರಿನ ಎಂಜಿನ್ ಬಿಚ್ಚಿ ಹೊಸದಾಗಿ ಕೂಡಿಸುವವರು ಕ್ಯಾಮ್‌ಶಾಫ್ಟನ್ನು ಚೀಟಿಯ ಮೇಲಿನ ನಂಬಿಕೆಯಿಂದ ಒಳಗೆ ಕೂರಿಸಿ ಮುಚ್ಚುವುದು ಜಾಣತನವೂ ಅಲ್ಲ, ಸಮಯದ ಉಳಿತಾಯವೂ ಅಲ್ಲ. ಅದು ಶುದ್ಧ ಸೋಮಾರಿತನ.

ಕನ್ನಡ ಮತ್ತು ಸಮಾಜ ಪಾಠ ಹೇಳುವ ಮೇಡಮ್ಮಿಗೆ ಎಂಜಿನ್ನಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಇಂಗ್ಲೆಂಡಿನಲ್ಲಿರುವ ನನ್ನ ಮಗ 1967ರ ಎಂಜಿಬಿ ಕಾರೊಂದನ್ನು ಕೊಂಡಿದ್ದಾನೆ. 2023ರ ಬೇಸಿಗೆ ರಜೆಯಲ್ಲಿ ನಾನು ಅಲ್ಲಿದ್ದಾಗ ಅದರ ಎಂಜಿನ್ನು ಶೆಡ್ಡಿನಲ್ಲಿ ಬಿಚ್ಚಿಕೊಂಡು ಕೂತಿತ್ತು. ಅವನು ಅಳತೆ ಹೇಳುತ್ತಿದ್ದ, ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಮೂವತ್ತು ವರ್ಷ ಅಂಕಪಟ್ಟಿ ಬರೆದ ಕೈಗೆ ಇದೇನೂ ಹೊಸದಲ್ಲ.

ಎಂಜಿಬಿ ಕಾರು 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಂದವು. 1798 ಸಿಸಿಯ, ನಾಲ್ಕು ಸಿಲಿಂಡರಿನ ಎಂಜಿನ್ನು. ಅದರ ಹೊಟ್ಟೆಯೊಳಗೆ ಒಂದು ಕಬ್ಬಿಣದ ದಂಡ, ದಂಡದ ಮೇಲೆ ಎಂಟು ಉಬ್ಬುಗಳು, ಇದೇ ಕ್ಯಾಮ್‌ಶಾಫ್ಟು. ಒಂದೊಂದು ಉಬ್ಬೂ ಒಂದೊಂದು ವಾಲ್ವನ್ನು ಎತ್ತುತ್ತದೆ, ಇಳಿಸುತ್ತದೆ. ಎಂಜಿನ್ನು ಯಾವಾಗ ಉಸಿರು ಎಳೆದುಕೊಳ್ಳಬೇಕು, ಯಾವಾಗ ಬಿಡಬೇಕು ಎಂದು ತೀರ್ಮಾನಿಸುವುದು ಈ ಉಬ್ಬುಗಳೇ.

ಆ ತೀರ್ಮಾನವನ್ನು ಕಂಪನಿಯ ಕೈಪಿಡಿ ನಾಲ್ಕು ಅಂಕೆಗಳಲ್ಲಿ ಹೇಳುತ್ತದೆ. ಒಳವಾಲ್ವು ಪಿಸ್ಟನ್ ತುದಿ ಮುಟ್ಟುವುದಕ್ಕೆ 16 ಡಿಗ್ರಿ ಮುಂಚೆ ತೆರೆಯಬೇಕು, ಅಡಿ ಮುಟ್ಟಿದ 56 ಡಿಗ್ರಿ ನಂತರ ಮುಚ್ಚಬೇಕು. ಹೊರವಾಲ್ವು ಅಡಿ ಮುಟ್ಟುವುದಕ್ಕೆ 51 ಡಿಗ್ರಿ ಮುಂಚೆ ತೆರೆದು, ತುದಿ ಮುಟ್ಟಿದ 21 ಡಿಗ್ರಿ ನಂತರ ಮುಚ್ಚಬೇಕು. 16, 180, 56 ಕೂಡಿಸಿ ನೋಡಿ, 252 ಬರುತ್ತದೆ. 51, 180, 21 ಕೂಡಿಸಿದರೂ 252. ಒಂದೊಂದು ವಾಲ್ವೂ ಅಷ್ಟು ಡಿಗ್ರಿ ತೆರೆದಿರುತ್ತದೆ ಎಂದರ್ಥ.

ಹಾಗಾದರೆ 252 ಎಂದು ಚೀಟಿಯಲ್ಲಿದ್ದರೆ ಸಾಕಲ್ಲವೇ? ಸಾಲದು. ನಮ್ಮ ಶಾಲೆಯ ಹುಡುಗನೊಬ್ಬ ಮನೆಗೆ ಹೋಗಿ ‘ನಲವತ್ತು ಬಂತು’ ಎಂದರೆ ಬುದ್ಧಿ ಇರುವ ಯಾವ ತಾಯಿಯೂ ‘ಎಷ್ಟಕ್ಕೆ?’ ಎಂದು ಕೇಳದೆ ಇರುವುದಿಲ್ಲ. ಐವತ್ತಕ್ಕೆ ನಲವತ್ತು ಬೇರೆ, ನೂರಕ್ಕೆ ನಲವತ್ತು ಬೇರೆ. ಕ್ಯಾಮ್‌ಶಾಫ್ಟಿನ ಅಂಕೆಯೂ ಹಾಗೆಯೇ. ಈ ಎಂಜಿನ್ ಓಡುವಾಗ ವಾಲ್ವಿಗೆ ಬಿಡುವ ಸಂದು ಇಂಚಿನ ಸಾವಿರದಲ್ಲಿ 15 ಭಾಗ. ಆದರೆ ವಾಲ್ವಿನ ಸಮಯ ಪರೀಕ್ಷಿಸುವಾಗ ಸಂದು 55 ಭಾಗ ಇರಬೇಕೆಂದು ಕೈಪಿಡಿಯೇ ಹೇಳುತ್ತದೆ. ಆ ಮಾತನ್ನು ಬಿಟ್ಟು 16 ಡಿಗ್ರಿಯನ್ನು ಮಾತ್ರ ಹಿಡಿದುಕೊಂಡವನು ಅರ್ಧ ವಾಕ್ಯ ಓದಿದವನು. ಇನ್ನು ಈಗಿನ ತಯಾರಕರಲ್ಲಿ ಹಲವರು ವಾಲ್ವು ಆಗತಾನೇ ಕದಲಿದಲ್ಲಿಂದ ಅಳೆಯುತ್ತಾರೆ, ಇನ್ನು ಕೆಲವರು ಸಾವಿರದಲ್ಲಿ 50 ಭಾಗ ಎತ್ತಿದ ಮೇಲೆ ಅಳೆಯಲು ಶುರುಮಾಡುತ್ತಾರೆ. ಒಂದೇ ಉಬ್ಬಿಗೆ ಎರಡು ಬೇರೆ ಬೇರೆ ಅಂಕೆ! ಸಾಲದ್ದಕ್ಕೆ ಕ್ರ್ಯಾಂಕ್‌ಶಾಫ್ಟು ಎರಡು ಸುತ್ತು ಸುತ್ತಿದರೆ ಕ್ಯಾಮ್‌ಶಾಫ್ಟು ಸುತ್ತುವುದು ಒಂದೇ ಸುತ್ತು. ಹೇಳುತ್ತಿರುವ ಡಿಗ್ರಿ ಯಾವುದರದ್ದು ಎಂದೂ ಕೇಳಬೇಕು. ಎಲ್ಲಿಂದ ಅಳೆದದ್ದು, ಯಾವುದರ ಮೇಲೆ ಅಳೆದದ್ದು ಎಂದು ಹೇಳದ ಚೀಟಿ ಅಲಂಕಾರಕ್ಕೆ ಮಾತ್ರ ಆದೀತು.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ಮಗನ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಚಹಾ ಕುಡಿಯುತ್ತ ಅದನ್ನೇ ಹೇಳಿದರು. ಎರಡು ಹಲ್ಲುಗಾಲಿಗಳ ಮೇಲೂ ಒಂದೊಂದು ಚುಕ್ಕಿ ಇದೆ, ಚುಕ್ಕಿಗೆ ಚುಕ್ಕಿ ಎದುರಾಗುವಂತೆ ಚೈನು ಹಾಕಿದರೆ ಆಯಿತು, ಕಾರ್ಖಾನೆಯಲ್ಲೂ ಹಾಗೇ ಮಾಡುತ್ತಿದ್ದರು ಎಂದು. ಅವರ ಅನುಭವದ ಬಗ್ಗೆ ನನಗೆ ಗೌರವವಿದೆ. ಆದರೆ ಕಾರ್ಖಾನೆ ಚುಕ್ಕಿಯನ್ನು ನಂಬಿದ್ದಕ್ಕೆ ಕಾರಣವಿತ್ತು. ದಂಡ, ಗಾಲಿ, ಚೈನು ಎಲ್ಲವೂ ಒಂದೇ ನಕ್ಷೆಗೆ, ಒಂದೇ ತಪಾಸಣೆಗೆ ಒಳಪಟ್ಟು ಬರುತ್ತಿದ್ದವು. ಆ ಕಾರ್ಖಾನೆಯ ಬಾಗಿಲು 1980ರಲ್ಲೇ ಮುಚ್ಚಿತು. ಇಂದು ದಂಡ ಒಬ್ಬರದು, ಗಾಲಿ ಮತ್ತೊಬ್ಬರದು, ಚೈನು ಮೂರನೆಯವರದು. ಕೆಲವು ದಂಡಗಳಂತೂ ಹಳೆಯದನ್ನೇ ಉಜ್ಜಿ ಹೊಸ ಆಕಾರ ಕೊಟ್ಟವು. ಕೀ ಕೂರುವ ಗಾಡಿ ಕೂದಲೆಳೆಯಷ್ಟು ಆಚೀಚೆಯಾದರೂ ಡಿಗ್ರಿ ಬದಲಾಗುತ್ತದೆ. ಚುಕ್ಕಿ ಅದನ್ನೆಲ್ಲ ಹೇಳುವುದಿಲ್ಲ. ಪಾಪ, ಚುಕ್ಕಿಗೇನು ಗೊತ್ತು?

ಅಳೆಯುವುದು ಬ್ರಹ್ಮವಿದ್ಯೆಯೂ ಅಲ್ಲ. ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿ ಕೋನಮಾಪಕ ಇರುತ್ತದಲ್ಲ, ಅದರ ಅಣ್ಣನಂಥ 360 ಡಿಗ್ರಿಯ ತಟ್ಟೆಯೊಂದನ್ನು ಕ್ರ್ಯಾಂಕ್‌ಶಾಫ್ಟಿನ ಮೂತಿಗೆ ಕಟ್ಟುವುದು, ಪಕ್ಕದಲ್ಲಿ ತಂತಿಯ ಮುಳ್ಳೊಂದನ್ನು ನಿಲ್ಲಿಸುವುದು. ಪಿಸ್ಟನ್ನು ತುದಿಯ ಹತ್ತಿರ ಕೆಲವು ಡಿಗ್ರಿ ಕದಲದಂತೆಯೇ ಕಾಣುವುದರಿಂದ ನಿಜವಾದ ತುದಿಯನ್ನು ಕಣ್ಣಂದಾಜಿನಲ್ಲಿ ಹಿಡಿಯಬಾರದು. ಮೇಲೆ ಒಂದು ಅಡ್ಡಪಟ್ಟಿ ಬಿಗಿದು, ಪಿಸ್ಟನ್ನು ಅದಕ್ಕೆ ತಾಗುವಂತೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿ, ಎರಡು ಗುರುತುಗಳ ಸರಿಮಧ್ಯವನ್ನು ಸೊನ್ನೆ ಎಂದು ಇಟ್ಟುಕೊಳ್ಳಬೇಕು. ಆಮೇಲೆ ಒಳವಾಲ್ವಿನ ಪುಶ್‌ರಾಡಿನ ಮೇಲೆ ಡಯಲ್ ಗೇಜು ನಿಲ್ಲಿಸಿ, ಉಬ್ಬು ಏರುವಾಗ ಒಂದು ಎತ್ತರದಲ್ಲಿ, ಇಳಿಯುವಾಗ ಅದೇ ಎತ್ತರದಲ್ಲಿ ಡಿಗ್ರಿ ಓದಿ, ಕೂಡಿಸಿ ಎರಡರಿಂದ ಭಾಗಿಸಬೇಕು. ಉಬ್ಬಿನ ನೆತ್ತಿ ಎಲ್ಲಿದೆ ಎಂದು ತಿಳಿಯುತ್ತದೆ.

ಕೈಪಿಡಿಯ ಲೆಕ್ಕದಲ್ಲಿ 252ರ ಅರ್ಧ 126, ಅದರಲ್ಲಿ 16 ಕಳೆದರೆ 110. ಉಬ್ಬಿನ ಎರಡು ಪಕ್ಕವೂ ಒಂದೇ ಆಕಾರದ್ದಾದರೆ ನೆತ್ತಿ ಅಲ್ಲಿರಬೇಕು. ಹೊಸ ದಂಡದ ಚೀಟಿಯಲ್ಲೂ 110 ಎಂದೇ ಇತ್ತು. ಚುಕ್ಕಿಗಳು ಗಂಡಹೆಂಡಿರಂತೆ ಎದುರುಬದುರು ಕೂತಿದ್ದವು. ನಾನು ಬರೆದುಕೊಂಡದ್ದು 72 ಮತ್ತು 158. ಕೂಡಿಸಿ ಅರ್ಧ ಮಾಡಿದರೆ 115. ಮತ್ತೆ ಎರಡು ಸಲ ಮಾಡಿದೆವು, ಅದೇ ಉತ್ತರ. ಮಾರಿದವರಿಗೆ ಮಗ ಫೋನು ಮಾಡಿದ. ‘ನಮ್ಮ ಚೀಟಿ ಸರಿಯಾಗಿದೆ’ ಎಂದರು. ಚೀಟಿಯನ್ನು ಯಾರು ಕೇಳಿದರು? ಎಂಜಿನ್ನಿನೊಳಗೆ ತಿರುಗುವುದು ದಂಡ, ಚೀಟಿಯಲ್ಲ. ಕೊನೆಗೆ ತುಸು ಓರೆಯಾಗಿ ಕೊರೆದ ಕೀ ಒಂದನ್ನು ತರಿಸಿ ಹಾಕಿ, ಮತ್ತೆ ಅಳೆದು 110ಕ್ಕೆ ತಂದದ್ದಾಯಿತು.

ಐದು ಡಿಗ್ರಿ ತಡವಾದರೆ ಆಕಾಶ ಬೀಳುತ್ತದೆಯೇ ಎನ್ನುವವರಿದ್ದಾರೆ. ಬೀಳುವುದಿಲ್ಲ, ಎಂಜಿನ್ನು ಓಡುತ್ತದೆ. ಅಪಾಯ ಇರುವುದೇ ಅಲ್ಲಿ. ಪೂರ್ತಿ ಕೆಟ್ಟದ್ದು ಕೂಡಲೇ ಸಿಕ್ಕಿಬೀಳುತ್ತದೆ. ಅರೆಬರೆ ಸರಿಯಿರುವುದು ವರ್ಷಗಟ್ಟಲೆ ಕಾಡುತ್ತದೆ. ಕ್ಯಾಮ್‌ಶಾಫ್ಟು ತಡವಾದರೆ ಕಡಿಮೆ ವೇಗದಲ್ಲಿ ಎಳೆತ ಕುಗ್ಗುತ್ತದೆ. ಮಾಲೀಕ ಕಾರ್ಬೊರೇಟರನ್ನು ಬೈಯುತ್ತಾನೆ, ಪ್ಲಗ್ಗು ಬದಲಾಯಿಸುತ್ತಾನೆ, ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತಾನೆ. ನಿಜವಾದ ಕಾರಣ ಮುಚ್ಚಳದ ಹಿಂದೆ ನಗುತ್ತಿರುತ್ತದೆ. ಹೆಚ್ಚು ಎತ್ತರದ ಉಬ್ಬಿನ ದಂಡ ಹಾಕಿದವರಿಗಂತೂ ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿಯುವ ಭಯವೂ ಉಂಟು. ಮಕ್ಕಳು ಆಡುವ ಜೇಡಿಮಣ್ಣಿನ ಒಂದು ತುಂಡನ್ನು ಪಿಸ್ಟನ್ನಿನ ಮೇಲಿಟ್ಟು ಕೈಯಲ್ಲಿ ತಿರುಗಿಸಿದರೆ ಉಳಿದ ಸಂದು ಗೊತ್ತಾಗುತ್ತದೆ. ಎರಡು ಸಂಜೆಯ ಕೆಲಸ. ಅಷ್ಟಕ್ಕೆ ಪುರಸೊತ್ತಿಲ್ಲದವರು ಎಂಜಿನ್ನು ಬಿಚ್ಚುವುದಾದರೂ ಯಾಕೆ?

ನನ್ನ ಸಿಟ್ಟಿಗೆ ಮೂಲ ನಮ್ಮ ಶಾಲೆಗಳಲ್ಲೇ ಇದೆ. ಪ್ರಯೋಗದ ಪುಸ್ತಕದಲ್ಲಿ ಬರಬೇಕಾದ ಉತ್ತರವನ್ನು ಮೊದಲು ಬರೆದು, ಅದಕ್ಕೆ ಹೊಂದುವ ಅಳತೆಗಳನ್ನು ಆಮೇಲೆ ತುಂಬುವ ಮಕ್ಕಳನ್ನು ನಾನು ಕಂಡಿದ್ದೇನೆ. ಅದಕ್ಕೆ ಪೂರ್ತಿ ಅಂಕ ಕೊಟ್ಟವರನ್ನೂ ಕಂಡಿದ್ದೇನೆ. ಆ ಮಕ್ಕಳೇ ಬೆಳೆದು ಚೀಟಿ ಅಚ್ಚು ಹಾಕುತ್ತಾರೆ, ಆ ಮಕ್ಕಳೇ ಅದನ್ನು ನಂಬುತ್ತಾರೆ.

ಆದ್ದರಿಂದ ಹಳೆಯ ಎಂಜಿನ್ನು ಕೂಡಿಸುವವರಿಗೆ ನನ್ನ ಮಾತು ಇಷ್ಟೇ. ಮಾರಿದವರ ಚೀಟಿಯನ್ನು ಎಸೆಯಬೇಡಿ, ಅದರ ಪಕ್ಕದಲ್ಲಿ ನಿಮ್ಮದೊಂದು ಚೀಟಿ ಬರೆದಿಡಿ. ಎಂಟು ಉಬ್ಬುಗಳ ಎತ್ತರ, ನೆತ್ತಿಯ ಡಿಗ್ರಿ, ಅಳೆಯುವಾಗ ಇಟ್ಟ ಸಂದು, ಅಳೆದ ದಿನ ಎಲ್ಲವೂ ಅದರಲ್ಲಿರಲಿ. ಮುಂದೆ ಆ ಕಾರನ್ನು ಕೊಳ್ಳುವವನು ಅದನ್ನೂ ನಂಬದೆ ಮತ್ತೊಮ್ಮೆ ಅಳೆದರೆ ಬೇಸರಪಡಬೇಡಿ. ಅವನಿಗೆ ಯಾರೋ ಒಳ್ಳೆಯ ಮೇಷ್ಟರು ಪಾಠ ಹೇಳಿರಬೇಕು.